12 ಕೋಲು, ಒಂದು ಕ್ಯಾಮ್‌ಶಾಫ್ಟ್, 9 ದಿನ

ಪೋಸ್ಟ್ 1

ಮೊನ್ನೆ ಸ್ಟೋರಿಗೆ ಹಾಕಿದ ಫೋಟೋ ನೋಡಿ ಅರ್ಧ ಕ್ಲಾಸು ಕೇಳಿದೆ: "ಲಾರಿ ಎಂಜಿನ್ ಮೇಲೆ ಅಷ್ಟೊಂದು ಕೋಲು ಯಾಕೆ ನೆಟ್ಟಿದ್ದೀಯ, ಹೋಮ ಗೀಮ ಮಾಡಿಸಿದ್ರಾ?" ಇಲ್ಲ ಕಣ್ರಪ್ಪಾ. ಕ್ಯಾಮ್‌ಶಾಫ್ಟ್ ಬದಲಾಯಿಸ್ತಿದ್ವಿ, ಮನೆ ಮುಂದೇನೇ. ಒಂದು ಕ್ಯಾಪ್ಷನ್‌ನಲ್ಲಿ ಹಿಡಿಯೋ ಕಥೆ ಅಲ್ಲ, ಅದಕ್ಕೆ ಐದು ಪೋಸ್ಟ್ ಮಾಡಿದೀನಿ. ಓದೋರು ಓದಿ. ಉಳಿದವರು ಲಾರಿಗೊಂದು ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ಹೊಸಬರಿಗೆ: ನಮ್ಮೂರು ಹಿರಿಯೂರು ಹತ್ರ. ಅಪ್ಪನದು ಒಂದೇ ಲಾರಿ. ಓನರೂ ಅವರೇ, ಡ್ರೈವರೂ ಅವರೇ. ಟಾಟಾ 1613, 2009ರ ಮಾಡೆಲ್, ಸೆಕೆಂಡ್ ಹ್ಯಾಂಡ್‌ನಲ್ಲಿ ಲೋನ್ ಮಾಡಿ ತಗೊಂಡಿದ್ದು. 1613 ಅಂದ್ರೆ ಸುಮ್ನೆ ನಂಬರ್ ಅಲ್ಲ. 16 ಅಂದ್ರೆ ಲೋಡ್ ಸೇರಿ ಸುಮಾರು 16 ಟನ್, 13 ಅಂದ್ರೆ ಸುಮಾರು 130 ಹಾರ್ಸ್‌ಪವರ್. ದಾವಣಗೆರೆ ಕಡೆಯ ಮೆಕ್ಕೆಜೋಳ ತುಂಬ್ಕೊಂಡು ನಾಮಕ್ಕಲ್‌ಗೆ ಹೋಗ್ತಾರೆ. ಅಲ್ಲಿ ಕೋಳಿ ಫಾರಂ ಜಾಸ್ತಿ, ನಮ್ಮ ಜೋಳ ಆ ಕೋಳಿಗಳ ಹೊಟ್ಟೆಗೆ. ಈರುಳ್ಳಿ ಸೀಸನ್‌ನಲ್ಲಿ ಚಳ್ಳಕೆರೆ ಕಡೆಯಿಂದ ಯಶವಂತಪುರಕ್ಕೆ.

ಸೆಮಿಸ್ಟರ್ ರಜೆಯಲ್ಲಿ ನಾನು ಮನೆಗೆ ಬಂದಾಗ ಅಪ್ಪ ತಲೆ ಕೆಡಿಸ್ಕೊಂಡು ಕೂತಿದ್ರು. ಟ್ಯಾಪೆಟ್ ಸೌಂಡ್. ಟಕ್ ಟಕ್ ಟಕ್. ಗ್ಯಾಪ್ ಸರಿ ಮಾಡಿದ್ರೆ ಒಂದು ಟ್ರಿಪ್ ಸುಮ್ನಿರುತ್ತೆ, ಮತ್ತೆ ಶುರು. ವಾಪಸ್ ಲೋಡ್ ಹಾಕ್ಕೊಂಡು ತೊಪ್ಪೂರು ಘಾಟ್ ಹತ್ತೋವಾಗ ಪುಲ್ಲಿಂಗೇ ಇಲ್ಲವಂತೆ, ಏರ್ ಫಿಲ್ಟರ್ ಕಡೆಯಿಂದ ಪಫ್ ಪಫ್ ಅಂತ ಗಾಳಿ ವಾಪಸ್ ಒದೀತಿತ್ತಂತೆ. ಆಯಿಲ್ ಫಿಲ್ಟರ್ ಕತ್ತರಿಸಿ ಬಿಚ್ಚಿದ್ರು. ಒಳಗಿನ ಪೇಪರ್ ಮಡಿಕೆಗಳಲ್ಲಿ ಮಿಣಮಿಣ ಕಬ್ಬಿಣದ ಪುಡಿ.

"ಇದು ಟ್ಯಾಪೆಟ್ ಗ್ಯಾಪ್ ಅಲ್ಲ ಮಗಾ. ಕ್ಯಾಮೇ ಹೋಗಿದೆ" ಅಂದ್ರು.

ಪೋಸ್ಟ್ 2

ಕ್ಯಾಮ್‌ಶಾಫ್ಟ್ ಅಂದ್ರೆ ಏನು? ಕಾಮರ್ಸ್‌ನವರಿಗೆ ಅರ್ಥ ಆಗೋ ಹಾಗೆ ಹೇಳ್ತೀನಿ, ಯಾಕಂದ್ರೆ ನಂಗೂ ಹಾಗೆ ಹೇಳಿದ್ರೇನೇ ಅರ್ಥ ಆಗಿದ್ದು.

ಈ ಎಂಜಿನ್‌ನಲ್ಲಿ 6 ಸಿಲಿಂಡರ್. ಒಂದೊಂದಕ್ಕೆ ಎರಡು ಬಾಗಿಲು: ಗಾಳಿ ಒಳಗೆ ಬರೋಕೆ ಒಂದು, ಹೊಗೆ ಆಚೆ ಹೋಗೋಕೆ ಒಂದು. ಒಟ್ಟು 12 ವಾಲ್ವ್. ಯಾವ ಬಾಗಿಲು ಯಾವಾಗ ತೆಗೀಬೇಕು, ಎಷ್ಟು ಹೊತ್ತು ತೆಗೆದಿರಬೇಕು ಅನ್ನೋದೆಲ್ಲ ಒಂದು ಉದ್ದನೆ ದಂಡದ ಮೇಲೆ ಮೊಟ್ಟೆ ಆಕಾರದ ಉಬ್ಬುಗಳಾಗಿ ಕಡೆದಿರುತ್ತೆ. ಆ ದಂಡ ತಿರುಗಿದಾಗ ಉಬ್ಬು ಟ್ಯಾಪೆಟ್‌ನ ಎತ್ತುತ್ತೆ, ಟ್ಯಾಪೆಟ್ ಪುಶ್‌ರಾಡ್‌ನ ಎತ್ತುತ್ತೆ, ಅದು ರಾಕರ್‌ನ ಎತ್ತುತ್ತೆ, ರಾಕರ್ ವಾಲ್ವ್‌ನ ಕೆಳಗೆ ಒತ್ತುತ್ತೆ. ಕ್ರ್ಯಾಂಕ್ ಎರಡು ಸುತ್ತು ಹೊಡೆದಾಗ ಕ್ಯಾಮ್ ಒಂದೇ ಸುತ್ತು. 12 ವಾಲ್ವ್‌ಗೆ 12 ಉಬ್ಬು, ಜೊತೆಗೆ ಡೀಸೆಲ್ ಎತ್ತೋ ಸಣ್ಣ ಪಂಪ್‌ಗೆ ಇನ್ನೊಂದು.

ಲೇತ್ ಅಂಗಡಿಯಿಂದ ಡಯಲ್ ಗೇಜ್ ಕಡ ತಂದು ಅಪ್ಪ ಒಂದೊಂದೇ ಪುಶ್‌ರಾಡ್ ಎಷ್ಟು ಏಳುತ್ತೆ ಅಂತ ಅಳೆದ್ರು, ನಾನು ನೋಟ್‌ಬುಕ್‌ನಲ್ಲಿ ಬರ್ಕೊಂಡೆ. 11 ಹೆಚ್ಚುಕಮ್ಮಿ ಒಂದೇ ಲೆಕ್ಕ. ನಾಲ್ಕನೇ ಸಿಲಿಂಡರ್‌ನ ಎಕ್ಸಾಸ್ಟ್ ಮಾತ್ರ ಎದ್ದು ಕಾಣೋ ಹಾಗೆ ಕಮ್ಮಿ. ಹೊಗೆ ಪೂರ್ತಿ ಆಚೆ ಹೋಗ್ತಿರಲಿಲ್ಲ, ಅದಕ್ಕೇ ಆ ಪಫ್ ಪಫ್. ಯಾರ ತಪ್ಪೂ ಅಲ್ಲ. ಗಾಡಿಗೆ ವಯಸ್ಸಾಗಿದೆ, ಓಡಿರೋ ಕಿಲೋಮೀಟರ್ ಲೆಕ್ಕ ಇಟ್ಟಿಲ್ಲ.

ಗ್ಯಾರೇಜ್‌ನಲ್ಲಿ ಕೇಳಿದ್ರು. ಪಾರ್ಟ್ಸ್ ಬಿಟ್ಟು ಬರೀ ಲೇಬರ್ 22,000, ಐದು ದಿನ. ಮನೆಗೆ ಬಂದು ಅಪ್ಪ ಏನೂ ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ಬ್ಯಾಟರಿ ವೈರ್ ತೆಗೆದು, ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಗ್ರಿಲ್ ಬಿಚ್ತಿದ್ರು.

ಪೋಸ್ಟ್ 3

ಈಗ ಕೋಲಿನ ವಿಷಯ.

ಗ್ರಿಲ್, ರೇಡಿಯೇಟರ್, ಫ್ಯಾನ್, ಕ್ರ್ಯಾಂಕ್ ಪುಲ್ಲಿ, ಗೇರ್ ಕವರ್: ಮುಂದಿನದೆಲ್ಲ ಬಿಚ್ಚೋಕೇ ಎರಡು ದಿನ. ಮೇಲಿಂದ ರಾಕರ್ ತೆಗೆದು 12 ಪುಶ್‌ರಾಡ್ ಎಳೆದು ರಟ್ಟಿನ ಡಬ್ಬಕ್ಕೆ ತೂತು ಮಾಡಿ ನಂಬರ್ ಪ್ರಕಾರ ಚುಚ್ಚಿಟ್ವಿ. ಇನ್ನು ಕ್ಯಾಮ್‌ನ ಮುಂದಕ್ಕೆ ಎಳೆದ್ರೆ ಬಂತು ಅನ್ಕೋತೀರ. ಬರಲ್ಲ. ಟ್ಯಾಪೆಟ್‌ಗಳು ಅಣಬೆ ಆಕಾರ, ಕಾಂಡ ಮೇಲೆ, ಕೊಡೆ ಕೆಳಗೆ. ಅವೆಲ್ಲ ಕ್ಯಾಮ್ ಮೇಲೇ ಕೂತಿರುತ್ತವೆ. ಕ್ಯಾಮ್ ಎಳೆದ್ರೆ ಉಬ್ಬುಗಳು ಅವಕ್ಕೆ ಸಿಕ್ಕಿಹಾಕ್ಕೊಳ್ತವೆ. ಎಂಜಿನ್ ಕೆಳಗಿಳಿಸಿ ತಲೆಕೆಳಗು ಮಾಡಿದ್ರೆ ತೊಂದರೆ ಇಲ್ಲ, ಮನೆ ಮುಂದೆ ಅದಾಗಲ್ಲ. ಅದಕ್ಕೆ ಪುಶ್‌ರಾಡ್ ತೂತಿನಲ್ಲಿ ಮರದ ಕೋಲು ಇಳಿಸಿ, ಟ್ಯಾಪೆಟ್ ಒಳಗೆ ಬಿಗಿಯಾಗಿ ಕೂರಿಸಿ ಮೇಲಕ್ಕೆ ಎತ್ತಿ, ಎರಡೆರಡು ಕೋಲು ಜೋಡಿ ಮಾಡಿ ರಬ್ಬರ್ ಹಾಕಿ ಕಟ್ಟೋದು. ಕೋಲು ಬಡಗಿ ಹತ್ರ ಮಾಡಿಸಿದ್ದು. ರಬ್ಬರ್ ನಮ್ಮಮ್ಮ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಕೊಟ್ಟಿದ್ದು. ನೀವು ನೋಡಿದ ಹೋಮ ಅದೇ.

ಕ್ಯಾಮ್ ಆಚೆ ಬಂತು. ಆ ಒಂದು ಉಬ್ಬು ಚಪ್ಪಟೆ, ಬೆರಳು ಸವರಿದ್ರೆ ಹಳೇ ಮೆಟ್ಟಿಲಿನ ಅಂಚು ಮುಟ್ಟಿದ ಹಾಗೆ.

ಹೊಸ ಕ್ಯಾಮ್‌ಗೆ ಹಳೇ ಟ್ಯಾಪೆಟ್ ಹಾಕಬಾರದು. ಸವೆದ ಮುಖ ಹೊಸದನ್ನೂ ತಿಂದುಹಾಕುತ್ತೆ. 12 ಟ್ಯಾಪೆಟ್ ಬದಲಾಯಿಸಬೇಕು, ಅವು ಬರೋದು ಕೆಳಗಡೆಯಿಂದ, ಕ್ಯಾಮ್ ಇದ್ದ ಉದ್ದ ತೂತಿನೊಳಗೆ. ಅಪ್ಪ ಪಿವಿಸಿ ಪೈಪ್‌ನ ಉದ್ದಕ್ಕೆ ಸೀಳಿ ದೋಣಿ ಥರ ಮಾಡಿ, ಒಂದು ತುದಿ ಮುಚ್ಚಿ, ಆ ತೂತಿನೊಳಗೆ ತೂರಿಸಿದ್ರು. ನಾನು ಕ್ಯಾಬಿನ್ ಒಳಗೆ, ಎರಡು ಸೀಟಿನ ಮಧ್ಯೆ ಎಂಜಿನ್ ಕವರ್ ತೆಗೆದಿರೋ ಜಾಗದಲ್ಲಿ ಮಂಡಿಯೂರಿ. ನಾನು ಒಂದು ಕೋಲು ಬಿಡ್ತೀನಿ, ಟ್ಯಾಪೆಟ್ ಟಣ್ ಅಂತ ದೋಣಿಗೆ ಬೀಳುತ್ತೆ, ಅಪ್ಪ ಎಳ್ಕೋತಾರೆ. ಆಮೇಲೆ ಮೇಲಿಂದ ನಾನು ದಾರ ಇಳಿಸ್ತೀನಿ, ತುದಿಯಲ್ಲಿ ಟ್ಯಾಪೆಟ್ ಕಚ್ಚೋ ಕೊಕ್ಕೆ. ದಾರದ ತುದಿ ದೋಣಿ ಜೊತೆ ಮುಂದಕ್ಕೆ ಹೋಗುತ್ತೆ, ಅಪ್ಪ ಹೊಸ ಟ್ಯಾಪೆಟ್ ಸಿಕ್ಕಿಸಿ ಒಳಗೆ ಕಳಿಸ್ತಾರೆ, ನಾನು ಮೆಲ್ಲಗೆ ಎಳೀತೀನಿ. ಕಾಂಡ ತೂತಿಗೆ ಕೂತ ತಕ್ಷಣ ಅಪ್ಪ ಪೈಪ್ ತಿರುಗಿಸಿ ಬೆನ್ನು ಮೇಲೆ ಮಾಡ್ತಾರೆ, ಟ್ಯಾಪೆಟ್ ಬೀಳದ ಹಾಗೆ. ದಾರ ಬಿಚ್ಚು, ಕೋಲು ಹಾಕು, ರಬ್ಬರ್ ಕಟ್ಟು.

"ಎಳಿ." "ಎಳ್ದೆ." "ಬಂತಾ?" "ಇಲ್ಲ." "ಸ್ವಲ್ಪ ಅಲ್ಲಾಡ್ಸು." "ಬಂತು."

ಹೀಗೆ 12 ಸಲ. ಒಂದು ಟ್ಯಾಪೆಟ್ ದೋಣಿ ತಪ್ಪಿ ಆಚೆ ಬಿದ್ರೆ ಸೀದಾ ಆಯಿಲ್ ಚೇಂಬರ್‌ಗೆ, ಅದನ್ನೂ ಬಿಚ್ಚಬೇಕು. ಒಂದೂ ಬೀಳಲಿಲ್ಲ. ಎರಡು ದಿನ ನಾವಿಬ್ಬರೂ ಆಡಿದ ಮಾತು ಅಷ್ಟೇ, ಆದ್ರೆ ಅಪ್ಪನ ಜೊತೆ ಅಷ್ಟು ಹೊತ್ತು ನಾನು ಯಾವತ್ತೂ ಮಾತಾಡಿರಲಿಲ್ಲ. ಅವರು ಯಾವಾಗಲೂ ರೋಡ್‌ನಲ್ಲೇ ಅಲ್ವಾ.

ಪೋಸ್ಟ್ 4

ಇದು ಬಿಕಾಂನವರಿಗೆ.

ಹಳೇ ಕ್ಯಾಮ್‌ನ ಗೇರ್ ತೆಗೆದು ಹೊಸದಕ್ಕೆ ಒತ್ತಿಸೋಕೆ ಲೇತ್‌ಗೆ ಕೊಟ್ಟಿದ್ದ ದಿನ ಮಾವ ಬಂದ್ರು. "ಭಾವ, ಮಾರಿಬಿಡು. ಇದೇ ಸ್ಥಿತಿಯಲ್ಲಿ ತಗೊಳ್ಳೋರು ಇದಾರೆ." ಎಂಜಿನ್ ಬಿಚ್ಚಿರೋ ಲಾರಿಗೆ ರೇಟ್ ಕೇಳೋರು ಹೇಗಿರ್ತಾರೆ ಅಂತ ನಾನು ಹೇಳಬೇಕಿಲ್ಲ. ಅವರು ಕೊಡೋ ದುಡ್ಡು ಬಾಕಿ ಲೋನ್‌ಗೂ ಸಾಲಲ್ಲ. ಇಎಂಐ 21,400, ಐದನೇ ತಾರೀಕು. ಎಂಜಿನ್ ಬಿಚ್ಚಿದೆ ಅಂತ ತಾರೀಕು ಮುಂದೆ ಹೋಗಲ್ಲ.

ತಮಾಷೆ ಏನಂದ್ರೆ ಟ್ಯಾಕ್ಸ್ ಕಾಯ್ದೆಗೂ ಇದು ಕಾಣಲ್ಲ. ನಾವು ಓದಿದ 1961ರ ಕಾಯ್ದೆಯ 44ಎಇ ನೆನಪಿದೆಯಾ? 12 ಟನ್ ಮೀರಿದ ಗೂಡ್ಸ್ ಗಾಡಿ ಇದ್ರೆ ಟನ್‌ಗೆ ತಿಂಗಳಿಗೆ 1,000 ಆದಾಯ ಬಂತು ಅಂತ ಅಂದಾಜು. ನಮ್ಮದಕ್ಕೆ 16,000. ಗಾಡಿ ಓಡಿದ್ರೂ ಅಷ್ಟೇ, ಮನೆ ಮುಂದೆ ಹೊಟ್ಟೆ ಬಿಚ್ಕೊಂಡು ನಿಂತಿದ್ರೂ ಅಷ್ಟೇ. ವರ್ಷಕ್ಕೆ 1,92,000 ಆಗುತ್ತೆ, ಅಷ್ಟಕ್ಕೇ ತೆರಿಗೆ ಬೀಳಲ್ಲ, ಆ ಮಾತು ಬೇರೆ.

ಆ ರಾತ್ರಿ ನಾನು ಕಾಸ್ಟಿಂಗ್ ಮಾಡಿದೆ. ಗ್ಯಾರೇಜ್‌ನಲ್ಲಾದ್ರೆ ಲೇಬರ್ 22,000, 5 ದಿನ. ಮನೆಯಲ್ಲಿ 9 ದಿನ. ನಾಲ್ಕು ದಿನ ಜಾಸ್ತಿ ನಿಲ್ಲುತ್ತೆ, ಓಡಿದ್ರೆ ಡೀಸೆಲ್ ಟೋಲ್ ಎಲ್ಲ ಕಳೆದು ದಿನಕ್ಕೆ ಸುಮಾರು 2,500 ಉಳೀತಿತ್ತು. ಅಲ್ಲಿಗೆ 10,000 ಹೋಯ್ತು. ಅಪ್ಪನ ಕೂಲಿ ದಿನಕ್ಕೆ 1,000ದ ಹಾಗೆ 9,000. ಉಳಿತಾಯ 3,000. ನನ್ನ ಕೂಲಿ 400ರ ಹಾಗೆ 3,600 ಹಾಕಿದ್ರೆ 600 ನಷ್ಟ. ಅಮ್ಮನ ಟ್ಯೂಬ್ ಕತ್ತರಿಸಿದ್ದು, ಹೊತ್ತುಹೊತ್ತಿಗೆ ಟೀ, ಗ್ರೀಸ್ ಬಟ್ಟೆ ಒಗೆದಿದ್ದು ಇನ್ನೂ ಸೇರಿಸೇ ಇಲ್ಲ. ಪುಸ್ತಕದಲ್ಲಿ ಇದಕ್ಕೆ ನೋಶನಲ್ ಕಾಸ್ಟ್ ಅಂತಾರೆ.

ಅಪ್ಪನಿಗೆ ತೋರಿಸಿದೆ. ಪೂರ್ತಿ ನೋಡಿದ್ರು, ನಿಧಾನಕ್ಕೆ.

"ಲೆಕ್ಕ ಸರಿಯಾಗೇ ಐತೆ ಮಗಾ. ಆದ್ರೆ ಆ 22 ಸಾವಿರ ಒಂದೇ ಸಲ ಎಲ್ಲಿಂದ ತರ್ಲಿ? ಈ ಒಂಬತ್ತು ದಿನ ನನ್ನ ಹತ್ರ ಇತ್ತು, ಕೊಟ್ಟೆ."

ಪ್ರಾಫಿಟ್ ಬೇರೆ, ಕ್ಯಾಶ್ ಬೇರೆ ಅಂತ ಕ್ಯಾಶ್ ಫ್ಲೋ ಚಾಪ್ಟರ್‌ನಲ್ಲಿ ನಾವೆಲ್ಲ ಓದಿ ಮಾರ್ಕ್ಸ್ ತಗೊಂಡಿದೀವಿ. ನನ್ನ ಶೀಟ್‌ನಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ. ಹಾಗಂತ ಆ 600 ನಷ್ಟನ ನಾನು ಹೊಡೆದೂ ಹಾಕಿಲ್ಲ. ಆ ಒಂಬತ್ತು ದಿನಕ್ಕೆ ಬೆಲೆ ಇದೆ. ಕೊಡೋರಿಲ್ಲ ಅಷ್ಟೇ.

ಪೋಸ್ಟ್ 5

ಜೋಡಿಸೋದು ಬೇಗ ಆಯ್ತು. ಒಂದು ಕಡೆ ಮಾತ್ರ ಅಪ್ಪ ಫೋನೂ ಎತ್ತಲಿಲ್ಲ: ಟೈಮಿಂಗ್ ಮಾರ್ಕ್. ಕ್ರ್ಯಾಂಕ್ ಗೇರ್ ಗುರುತಿಗೂ ಕ್ಯಾಮ್ ಗೇರ್ ಗುರುತಿಗೂ ಹಲ್ಲಿಗೆ ಹಲ್ಲು ತಾಳೆ ಆಗಬೇಕು. ತಪ್ಪಿದ್ರೆ ಮೇಲೆ ಬರೋ ಪಿಸ್ಟನ್ ತೆರೆದಿರೋ ವಾಲ್ವ್‌ಗೆ ಗುದ್ದಬಹುದು. ಡೀಸೆಲ್ ಪಂಪ್ ಗೇರೂ ಇದೇ ಕ್ಯಾಮ್ ಗೇರ್‌ಗೆ ಕಚ್ಚುತ್ತೆ, ಅದರ ಗುರುತೂ ನೋಡಬೇಕು. ಮೊದಲು ಅಪ್ಪ ನೋಡಿದ್ರು, ಆಮೇಲೆ ಟಾರ್ಚ್ ಹಿಡಿದು ನಾನು, ಕೊನೆಗೆ ಅಮ್ಮನನ್ನೂ ಕರೆದು ತೋರಿಸಿದ್ರು. ಅಮ್ಮ "ಸರಿಯಾಗೇ ಐತಲ್ಲ, ಇದನ್ನ ನೋಡೋಕೆ ಮೂರು ಜನ ಬೇಕಾ" ಅಂತ ಒಳಗೆ ಹೋದ್ರು.

ಕವರ್ ಮುಚ್ಚೋ ಮುಂಚೆ ಕೈಯಲ್ಲೇ ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿದ್ವಿ, ಎಲ್ಲೂ ತಡೀಲಿಲ್ಲ. ವಾಲ್ವ್ ಗ್ಯಾಪ್ ಫೀಲರ್ ಗೇಜ್‌ನಲ್ಲಿ ಇನ್‌ಲೆಟ್ 0.25 ಮಿಮೀ, ಎಕ್ಸಾಸ್ಟ್ 0.51, ಎಂಜಿನ್ ತಣ್ಣಗಿದ್ದಾಗ. ಫೈರಿಂಗ್ ಆರ್ಡರ್ 1-5-3-6-2-4. ಇದು ನಂಗೀಗ ಯೂನಿವರ್ಸಿಟಿ ರಿಜಿಸ್ಟರ್ ನಂಬರ್‌ಗಿಂತ ಚೆನ್ನಾಗಿ ಬಾಯಿಗೆ ಬರುತ್ತೆ.

ಒಂಬತ್ತನೇ ದಿನ ಸಂಜೆ ಸ್ಟಾರ್ಟ್ ಆಯ್ತು. ಅಪ್ಪ ಕೆಳಗಿಳಿದು ಸುಮ್ನೆ ನಿಂತು ಕೇಳಿಸ್ಕೊಂಡ್ರು. ನಾನು ವಿಡಿಯೋ ಮಾಡಿದ್ದೆ, ಅದರಲ್ಲಿ ಅಪ್ಪನ ಬೆನ್ನು ಮಾತ್ರ ಕಾಣುತ್ತೆ. ಹಾಕಲ್ಲ, ಕೇಳಬೇಡಿ.

ಮರುದಿನ ಜೋಳದ ಲೋಡ್ ಸಿಕ್ತು. ಮೊದಲ ಟ್ರಿಪ್ ಆದ ಮೇಲೆ ಗ್ಯಾಪ್ ಮತ್ತೆ ನೋಡಬೇಕು ಅಂತ ಫೀಲರ್ ಗೇಜ್ ಜೇಬಲ್ಲೇ ಇಟ್ಕೊಂಡು ಹೋದ್ರು. ನಾಮಕ್ಕಲ್‌ನಲ್ಲಿ ಅನ್‌ಲೋಡ್‌ಗೆ ಕ್ಯೂ ಇತ್ತಂತೆ, ರಾತ್ರಿಯೆಲ್ಲ ನಿಂತು ಎಂಜಿನ್ ತಣ್ಣಗಾಗಿತ್ತು. ಬೆಳಿಗ್ಗೆ ಆರಕ್ಕೆ ಫೋನ್.

"ನಾಲ್ಕನೇದರ ಎಕ್ಸಾಸ್ಟು ನೋಡ್ದೆ. ಇಪ್ಪತ್ತು ಥೌ. ಹಾಕಿದ್ದು ಹಾಕಿದ ಹಾಗೇ ಐತೆ. ನಿನ್ನ ಪುಸ್ತಕದಲ್ಲಿ ಬರ್ಕೋ."

ಬರ್ಕೊಂಡೆ.

#ಲಾರಿ #ಹಿರಿಯೂರು #ಕ್ಯಾಮ್‌ಶಾಫ್ಟ್ #ಬಿಕಾಂ #ಅಪ್ಪನ1613