ದಿನಕ್ಕೊಂದು ಮಾತ್ರೆ, 5 ವರ್ಷ

ಸ್ತನದ ಆಪರೇಷನ್ ಆಗಿ ಹೊಲಿಗೆ ಬಿಚ್ಚಿದರೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತೇವೆ, ಅಲ್ಲವೇ ಸೋದರಿಯರೇ? ಆಗಲೇ ಡಾಕ್ಟರು ಇನ್ನೊಂದು ಚೀಟಿ ಬರೆಯುತ್ತಾರೆ: ಟ್ಯಾಮೊಕ್ಸಿಫೆನ್, ದಿನಕ್ಕೊಂದು, 5 ವರ್ಷ. ನನಗೂ ಬರೆದರು. "ಗಡ್ಡೆ ತೆಗೆದಾಯ್ತಲ್ಲ, ಇನ್ಯಾಕಮ್ಮ ಆ ಉಷ್ಣದ ಮಾತ್ರೆ?" ಅಂದರು ಅತ್ತೆ. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಸಲಹೆಗೇನು ಬರವೇ!

ಬೆಂಗಳೂರಿನ ರೈಲು ಹತ್ತಿ ಕಿದ್ವಾಯಿ ಆಸ್ಪತ್ರೆಗೇ ಹೋಗಿ ಕೇಳಿದೆ. ಡಾಕ್ಟರಮ್ಮ ನನ್ನ ರಿಪೋರ್ಟಿನಲ್ಲಿ 'ಇ.ಆರ್. ಪಾಸಿಟಿವ್' ಎಂಬ ಸಾಲಿನ ಮೇಲೆ ಬೆರಳಿಟ್ಟರು. ಇಂಥ ಗಡ್ಡೆಗೆ ನಮ್ಮ ಮೈಯ ಈಸ್ಟ್ರೊಜೆನ್ ಹಾರ್ಮೋನೇ ಗೊಬ್ಬರ. ಕಣ್ಣಿಗೆ ಕಾಣದೆ ಎಲ್ಲೋ ಉಳಿದ ಕಣಗಳಿಗೆ ಆ ಗೊಬ್ಬರ ತಾಗದಂತೆ ಮಾತ್ರೆ ತಡೆಯುತ್ತದೆ. 5 ವರ್ಷ ತಪ್ಪದೆ ನುಂಗಿದರೆ ಕಾಯಿಲೆ ಮರಳುವ ಸಂಭವ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಾರ್ಮೋನಿನ ಪರೀಕ್ಷೆಯೆಲ್ಲ ನೆಗೆಟಿವ್ ಬಂದವರಿಗೆ ಇದರಿಂದ ಪ್ರಯೋಜನವಿಲ್ಲ. ಹಾಗಾಗಿ ಪಕ್ಕದ ಮನೆಯಾಕೆಯ ಮಾತಿಗಿಂತ ನಿಮ್ಮ ರಿಪೋರ್ಟಿನ ಆ ಒಂದು ಸಾಲು ದೊಡ್ಡದು. ಓದಿ ಹೇಳಿ ಅಂತ ಕೇಳಿ, ಸಂಕೋಚ ಬೇಡ.

ಕಷ್ಟವಿಲ್ಲವೇ? ಇದೆ. ನಡುರಾತ್ರಿ ಮೈ ಕಾದು ರವಿಕೆ ತೊಯ್ಯುತ್ತದೆ. ಅಪರೂಪಕ್ಕೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಮುಟ್ಟು ನಿಂತವರಿಗೆ ಗರ್ಭಕೋಶದ ಕ್ಯಾನ್ಸರೂ ಬರಬಹುದು. ಅಂಥವರಿಗೆ ಲೆಟ್ರೊಜೋಲ್‌ನಂಥ ಬೇರೆ ಮಾತ್ರೆಗಳಿವೆ. ಅವು ಕೀಲು ನೋಯಿಸುತ್ತವೆ, ಮೂಳೆ ಸವೆಸುತ್ತವೆ. ನನಗಿನ್ನೂ ಮುಟ್ಟು ನಿಂತಿಲ್ಲ, ಮಗಳಿನ್ನೂ ಹೈಸ್ಕೂಲು. ಬೆವರು ಒರೆಸಿಕೊಳ್ಳಬಹುದು, ಇನ್ನೊಂದು ಆಪರೇಷನ್ ಬೇಡ ಅನ್ನಿಸಿತು. ನುಂಗುತ್ತಿದ್ದೇನೆ, ಇದು 3ನೆಯ ವರ್ಷ.

ನೀವೂ ನುಂಗುವವರಾದರೆ, ಆ ವರ್ಷಗಳಲ್ಲಿ ಬಸಿರಾಗಬಾರದು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಒಂದೇ ಕಾಲು ಊದಿ ನೋಯತೊಡಗಿದರೆ, ಇಲ್ಲವೇ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಮುಂದಿನ ತಪಾಸಣೆಯ ತಾರೀಕಿಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೊರಡಿ.