ಅತ್ತೆಯ ದೊಡ್ಡ ಹಲ್ಲಿ

ಸೊಂಟದ ಮೂಳೆ ಮುರಿದು ಮಲಗಿದ ಮೇಲೆ ನಮ್ಮ ಅತ್ತೆಗೆ ಟಿ.ವಿ. ಬೇಡವಾಯಿತು. ಸಾಂತಾಕ್ರೂಜ್ ಪೂರ್ವದ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಅವರು ಸಂಜೆಯಿಂದ ನೋಡುತ್ತಿದ್ದುದು ಟ್ಯೂಬ್‌ಲೈಟಿನ ಸುತ್ತಲಿನ ಹಲ್ಲಿಗಳನ್ನು. ಸಣ್ಣದೊಂದು ಲೊಚಗುಟ್ಟಿದರೆ ಮಂಚಕ್ಕೆ ಬೆರಳು ಬಡಿದು "ಕೃಷ್ಣ ಕೃಷ್ಣ" ಎನ್ನುವರು. ಅಷ್ಟಾಗಿ ಸದ್ದು ಮಾಡದ, ಹಳದಿ ಹೊಟ್ಟೆಯ ದಪ್ಪ ಹಲ್ಲಿಯೊಂದಿತ್ತು. ಉಳಿದವನ್ನು ದೀಪದ ಬಳಿ ಸುಳಿಯಗೊಡದೆ ಅಟ್ಟುತ್ತಿತ್ತು. ಅದಕ್ಕೆ ಅತ್ತೆ ಇಟ್ಟ ಹೆಸರು "ದೊಡ್ಡವ".

ಹಲ್ಲಿಗಳಲ್ಲೂ ಇಷ್ಟು ಜಾತಿಗಳಿವೆಯೆಂದು ನನಗೆ ತಿಳಿದದ್ದು ಈ ವಯಸ್ಸಿನಲ್ಲಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜೆ. ಸಿ. ಡೇನಿಯಲ್ ಅವರು 1983ರಲ್ಲಿ ಬರೆದ ಸರೀಸೃಪಗಳ ಪುಸ್ತಕವನ್ನು ಮಗಳು ತಂದುಕೊಟ್ಟಳು. ಲೊಚಗುಟ್ಟುವ ಸಣ್ಣದು ಹೆಮಿಡಾಕ್ಟೈಲಸ್ ಫ್ರೀನೇಟಸ್. ದೊಡ್ಡವನದು ಹೆಮಿಡಾಕ್ಟೈಲಸ್ ಫ್ಲೇವಿವಿರಿಡಿಸ್, ಅಂದರೆ ಹಳದಿ-ಹಸಿರು. ಈ ಹೆಸರು ಬಂದದ್ದು 1835ರಲ್ಲಿ, ಕೆಂಪು ಸಮುದ್ರದ ಮಸಾವಾದಲ್ಲಿ ಸಿಕ್ಕಿದ ಹಲ್ಲಿಯಿಂದಂತೆ! ನಮ್ಮವರು, "ಹಾಗಾದರೆ ಅದೂ ನಮ್ಮ ಹಾಗೆ ಪರವೂರಿನದೇ" ಎಂದು ನಕ್ಕರು.

ಮಳೆಗಾಲದ ಆರಂಭದಲ್ಲಿ ಇಲಿಯ ಕಾಟಕ್ಕೆ ಫ್ರಿಜ್ಜಿನ ಹಿಂದೆ ಅಂಟಿನ ಹಲಗೆ ಇಟ್ಟೆ. ಬೆಳಿಗ್ಗೆ ನೋಡಿದರೆ ಅದರಲ್ಲಿ ದೊಡ್ಡವ. ನನ್ನ ಕೈಕಾಲು ತಣ್ಣಗಾದವು. ಅಡುಗೆ ಎಣ್ಣೆ ಬಿಟ್ಟು ಒಂದೊಂದೇ ಕಾಲನ್ನು ಬಿಡಿಸಿದೆ. ಕೊನೆಗೆ ಅದೇ ಕೊಸರಿ ಬಾಲವನ್ನು ಅಲ್ಲೇ ಕಳಚಿಹಾಕಿತು. ತುಂಡು ಬಾಲ ಮಾತ್ರ ಅಂಟಿನಲ್ಲಿ ಕುಣಿಯುತ್ತಿತ್ತು. ಗೋಡೆಗೆ ಬಿಟ್ಟರೆ ಎಣ್ಣೆಗಾಲು ಜಾರಿ ಬಿತ್ತು, ಹೇಗೋ ತೆವಳಿ ಬಾಲ್ಕನಿಯ ಕುಂಡಗಳ ಸಂದಿಗೆ ಹೋಯಿತು.

ಹಲ್ಲಿಯ ಕಾಲಲ್ಲಿ ಅಂಟೇ ಇಲ್ಲ, ನೋಡಿ. ಬೆರಳಡಿಯಲ್ಲಿ ಕಣ್ಣಿಗೆ ಕಾಣದ ಲಕ್ಷಾಂತರ ರೋಮಗಳಿವೆ. ಅವು ಗೋಡೆಯನ್ನು ಹಿಡಿಯುವುದು ಅಣು-ಅಣುಗಳ ನಡುವಿನ ಸೆಳೆತದಿಂದ ಎಂದು ಅಮೆರಿಕದ ಕೆಲ್ಲರ್ ಆಟಮ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ಅಂಥದ್ದನ್ನು ನಾನು ಅಂಟಿನಲ್ಲಿ ಕೆಡವಿದ್ದೆ. ಬಾಲ ಹೋದದ್ದೂ ಸಣ್ಣ ನಷ್ಟವಲ್ಲ. ಹಸಿದ ದಿನಕ್ಕೆಂದು ಕೊಬ್ಬು ಕೂಡಿಡುವುದು ಅದರಲ್ಲೇ.

"ದೊಡ್ಡವ ಎಲ್ಲಿ?" ಎಂದು ಅತ್ತೆ ಅಂದು ರಾತ್ರಿಯೇ ಕೇಳಿದರು. ಮರುದಿನವೂ ಕೇಳಿದರು. "ಪಕ್ಕದ ಮನೆಗೆ ಹೋಗಿರಬೇಕು" ಎಂದೆ. ಹಲ್ಲಿ ಕೊಂದ ದೋಷಕ್ಕೆ ಕಂಚಿಗೆ ಹೋಗಿ ಚಿನ್ನದ ಹಲ್ಲಿ ಮುಟ್ಟಬೇಕೆಂದು ನಂಬಿದವರಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ. ನಾಲ್ಕನೆಯ ದಿನದಿಂದ ಅವರು ಕೇಳುವುದನ್ನೇ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದರು. ಅದನ್ನು ನೋಡುವುದು ಇನ್ನೂ ಕಷ್ಟವಾಯಿತು.

ಸುಮಾರು ಎರಡು ವಾರದ ಬಳಿಕ ಜೋರು ಮಳೆಯ ಸಂಜೆ ರೆಕ್ಕೆ ಬಂದ ಗೆದ್ದಲುಗಳು ದೀಪಕ್ಕೆ ಮುತ್ತಿದವು. ಅವುಗಳ ನಡುವೆ ದೊಡ್ಡವ! ಬಾಲದ ಬುಡದಲ್ಲಿ ಕಪ್ಪು ಮೊನೆಯೊಂದು ಚಿಗುರುತ್ತಿತ್ತು. ಪೂರ್ತಿ ಬೆಳೆದರೂ ಅದರೊಳಗೆ ಹಳೆಯ ಮೂಳೆಮಣಿಗಳು ಬರುವುದಿಲ್ಲ, ಮೃದ್ವಸ್ಥಿಯ ಕೊಳವೆಯಷ್ಟೆ.

"ಇದರ ಬಾಲ ಏನಾಯಿತು ಮಾರಾಯ್ತಿ?" ಎಂದರು ಅತ್ತೆ.

ಮಂಚದ ಬಳಿ ಕುಳಿತು ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮೇಲೆಯೇ ನೋಡುತ್ತಿದ್ದರು.

"ಮತ್ತೆ ಇಲಿ ಸಿಕ್ಕಿತಾ?"

"ಇಲ್ಲ ಅತ್ತೆ."