ಹಳದಿ ಇರೋದು ಒಂದೇ ವರ್ಷ

ಮೊದಲೇ ಹೇಳಿಬಿಡ್ತೀನಿ, ನಂಗೆ ಹಾವು ಅಂದ್ರೆ ಭಯ. ತೀರ್ಥಹಳ್ಳಿ ಕಡೆಯವನಾದ್ರೂ ಅಷ್ಟೇ. ಆದ್ರೆ ಇಲ್ಲಿ ಆಸ್ಟಿನ್‌ನಲ್ಲಿ ನಮ್ಮ ಟೀಮಿನವನೊಬ್ಬ ಹಾಲ್‌ನಲ್ಲೇ ಹಾವು ಸಾಕಿದ್ದಾನೆ. ಅವನ ಮನೆಗೆ ಊಟಕ್ಕೆ ಹೋದಾಗೆಲ್ಲ ಅದರ ದರ್ಶನ ತಪ್ಪಿದ್ದಲ್ಲ.

ಹೆಸರು ಗ್ರೀನ್ ಟ್ರೀ ಪೈಥಾನ್. ನ್ಯೂಗಿನಿ ದ್ವೀಪ ಮತ್ತು ಆಸ್ಟ್ರೇಲಿಯಾದ ಉತ್ತರ ತುದಿಯ ಕಾಡಿನದು, ವಿಷ ಇಲ್ಲ. ಮೊದಲ ಸಲ ನೋಡಿದಾಗ ಹೆಸರಲ್ಲೇ ಬಗ್ ಇದೆ ಅನ್ನಿಸ್ತು. ಕೊಂಬೆಗೆ ಸುತ್ತಿಕೊಂಡು ಕೂತಿದ್ದ ಮರಿ ಮಾಗಿದ ನಿಂಬೆಹಣ್ಣಿನಷ್ಟು ಹಳದಿ! ಕೆಲವು ತಿಂಗಳಾದ ಮೇಲೆ ಬೆನ್ನ ಮೇಲೆ ಹಸಿರು ಚುಕ್ಕಿ ಕಾಣಿಸಿಕೊಂಡವು. ಆಮೇಲೆ ಪೂರ್ತಿ ಹಸಿರು. ಗೆಳೆಯನ ಪುಟ್ಟ ಮಗಳು 'ನನ್ನ ಹಾವು ಎಲ್ಲಿ?' ಅಂತ ಅತ್ತಳಂತೆ. ಈಗ ಆ ಗಾಜಿನ ಪೆಟ್ಟಿಗೆ ಹತ್ರ ಅವಳು ಬರೋದೇ ಇಲ್ಲ.

ಪೊರೆ ಬಿಟ್ಟಾಗ ಬಣ್ಣ ಬದಲಾಗಿರಬೇಕು ಅಂದ್ಕೊಂಡಿದ್ದೆ. ಹಾಗಲ್ಲ. ಪೊರೆಗೆ ಹೆಚ್ಚುಕಡಿಮೆ ಬಣ್ಣವೇ ಇರಲ್ಲ. ಬಣ್ಣದ ಕೋಶಗಳು ಇರೋದು ಅದರ ಕೆಳಗಿನ ಚರ್ಮದಲ್ಲಿ. ಇನ್ನೊಂದು ಮಜಾ ಅಂದ್ರೆ, ಹಾವಿನ ಹಸಿರು ಸಾಮಾನ್ಯವಾಗಿ ಒಂದೇ ಬಣ್ಣ ಅಲ್ಲ. ಕೆಳಗಿನ ಪದರದ ಸಣ್ಣ ಹರಳುಗಳು ನೀಲಿ ಬೆಳಕನ್ನು ವಾಪಸ್ ಕಳಿಸ್ತವೆ, ಅದರ ಮೇಲೆ ಹಳದಿ ಕೂತಾಗ ನಮಗೆ ಹಸಿರು ಕಾಣುತ್ತೆ. ಸತ್ತ ಹಸಿರು ಹಾವನ್ನು ಸ್ಪಿರಿಟ್‌ನಲ್ಲಿಟ್ಟರೆ ಹಳದಿ ಕರಗಿ ನೀಲಿಯಾಗೋದು ಇದಕ್ಕೇ.

ಯಾಕೆ ಬದಲಾಗಬೇಕು? ಆಸ್ಟ್ರೇಲಿಯಾದ ಸಂಶೋಧಕರು 2007ರಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಮರಿಗಳು ಕಾಡಿನ ಅಂಚಲ್ಲಿ, ನೆಲಕ್ಕೆ ಹತ್ತಿರ ಸಣ್ಣ ಬೇಟೆ ಹುಡುಕ್ತವೆ. ಅಲ್ಲಿ ಹಕ್ಕಿಗಳ ಕಣ್ಣು ತಪ್ಪಿಸೋಕೆ ಹಳದಿ, ಕೆಂಪೇ ವಾಸಿ (ಕೆಂಪು ಮರಿಗಳೂ ಇರ್ತವೆ). ಸುಮಾರು 55 ಸೆಂಟಿಮೀಟರ್ ಉದ್ದ, ಒಂದು ವರ್ಷದ ವಯಸ್ಸು ಆಗೋ ಹೊತ್ತಿಗೆ ಹಸಿರಾಗಿ ಮರದ ಮೇಲಕ್ಕೆ ಹೋಗ್ತವೆ.

ನಮ್ಮೂರ ಕಾಳಿಂಗನೂ ಹಾಗೇ ಅಲ್ವಾ? ಮರಿಯಲ್ಲಿ ಕಪ್ಪು ಮೈಗೆ ಎದ್ದು ಕಾಣೋ ಪಟ್ಟಿಗಳು, ದೊಡ್ಡದಾಗ್ತಾ ಮೈ ಕಂದಾಗಿ ಅವೂ ಮಾಸ್ತವೆ. ಅಂದಹಾಗೆ ಪಶ್ಚಿಮ ಘಟ್ಟದ ಕಾಳಿಂಗಕ್ಕೆ 2024ರಲ್ಲಿ ಸಿಕ್ಕಿದ ವೈಜ್ಞಾನಿಕ ಹೆಸರಲ್ಲೂ 'ಕಾಳಿಂಗ' ಅನ್ನೋ ನಮ್ಮ ಪದವೇ ಇದೆ.

ಇಷ್ಟೆಲ್ಲ ಓದಿದ್ದು ನನ್ನ ತಮ್ಮನ ದೆಸೆಯಿಂದ. ಬೆಂಗಳೂರಲ್ಲಿ ಪಿಜಿಯಲ್ಲಿರೋ ಅವನು ನಾನು ಹಿಂದೆ ಕಳಿಸಿದ್ದ ಹಳದಿ ಮರಿಯ ಫೋಟೊ ನೋಡಿ, ಅಂಥದ್ದೇ ಒಂದನ್ನು ಯಾರೋ ಇನ್‌ಸ್ಟಾದಲ್ಲಿ ಮಾರ್ತಿದ್ದಾರೆ, ತಗೊಳ್ತೀನಿ ಅಂತ ಹಟ ಹಿಡಿದ. 'ಕಾಗದಪತ್ರ ಕೊಡ್ತಾನಾ?' ಅಂದೆ. 'ಅದೆಲ್ಲ ಬೇಡ್ವಂತೆ ಅಣ್ಣ.' ಅಲ್ಲೇ ನಂಗೆ ಪಿತ್ತ ನೆತ್ತಿಗೇರಿತು. ಕೇರೆ, ನಾಗರ ಸಾಕೋದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಇಂಥ ವಿದೇಶಿ ಹೆಬ್ಬಾವಾದ್ರೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಲೇಬೇಕು. ಕಾಗದ ಇಲ್ಲ ಅಂದ್ರೆ ಕಾಡಿಂದ ಹಿಡಿದು ತಂದಿದ್ದೂ ಇರಬಹುದು.

'ಹಳದಿ ಇರೋದು ಒಂದು ವರ್ಷ, ಹಾವು ಬದುಕೋದು ಹದಿನೈದು ವರ್ಷಕ್ಕೂ ಮೇಲೆ. ಆಮೇಲೆ ಏನ್ ಮಾಡ್ತೀಯ?' ಅಂತ ಕೇಳಿ ಹಸಿರು ಹಾವಿನ ಫೋಟೊ ಕಳಿಸಿದೆ. ಸ್ವಲ್ಪ ಹೊತ್ತು ಬಿಟ್ಟು ರಿಪ್ಲೈ ಬಂತು: 'ಇದೂ ಚೆನ್ನಾಗೇ ಇದೆ. ಆದ್ರೆ ಬೇಡ ಬಿಡು. ಅಮ್ಮಂಗೆ ಹೇಳ್ಬೇಡ.'